ಗುರುಬಾಯಿಯ ಬೆಳಗಿನ ಊಟ

ಅಮರೇಶಪ್ಪನವರನ್ನು ಮೊದಲು ಕಂಡಾಗ ನನಗೆ ಬಂದದ್ದು ಸಿಟ್ಟು. ಬೇಗಂಪೇಟೆಯ ನಮ್ಮ ಆಸ್ಪತ್ರೆಯ ಐಸಿಯು ಮುಂದೆ ಮೂವತ್ತು ಕುರ್ಚಿಗಳಿವೆ. ಈ ಮನುಷ್ಯ ಒಂದರಲ್ಲೂ ಕೂರಲೊಲ್ಲ. ಬಾಗಿಲಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಬಾಗಿಲಿಗೆ. ನಾನು ಹೊರಗೆ ಕಾಲಿಟ್ಟರೆ ಸಾಕು, ಎದುರಿಗೆ ಹಾಜರು.

"ಡಾಕ್ಟರವ್ವಾ, ಎಷ್ಟು ಉಂಡಳ್ರಿ?"

"ಕಾಕಾ, ನಾ ಡಾಕ್ಟರ್ ಅಲ್ಲ ಅಂತ ಎಷ್ಟು ಸಲ ಹೇಳ್ಲಿ? ಪೇಶಂಟ್ ಮಂದಿ ಊಟ ನೋಡಾಕಿ ನಾನು."

"ಅದಕ್ಕಽ ಕೇಳಾಕತ್ತೀನಿ. ಎಷ್ಟು ಉಂಡಳು?"

ನನ್ನ ಹೆಸರು ಸೌಂದರ್ಯಾ, ಹುಮನಾಬಾದಿನವಳು, ಇಲ್ಲಿ ಡಯಟಿಷಿಯನ್. ತಾವಾಗಿ ಉಣ್ಣಲಾಗದವರಿಗೆ ಮೂಗಿನಿಂದ ಹೊಟ್ಟೆಗಿಳಿಸಿದ ನಳಿಗೆಯಲ್ಲಿ ಏನು, ಎಷ್ಟು, ಯಾವಾಗ ಹೋಗಬೇಕೆಂದು ಬರೆದುಕೊಡುವುದು ನನ್ನ ಕೆಲಸ.

ಅಮರೇಶಪ್ಪನವರ ಹೆಂಡತಿ ಗುರುಬಾಯಿಗೆ ಎಪ್ಪತ್ತೆರಡು ವರ್ಷ. ನ್ಯುಮೋನಿಯಾ ಆಗಿ ಗಂಟಲಿಗೆ ವೆಂಟಿಲೇಟರಿನ ಕೊಳವೆ ಬಿದ್ದಿತ್ತು. ಜ್ವರ ಇಳಿದು, ಕಣ್ಣು ಬಿಟ್ಟು ನೋಡುತ್ತಿದ್ದರು. ಇನ್ನು ಬೇಕಾದದ್ದು ತಮ್ಮ ಉಸಿರನ್ನು ತಾವೇ ಎಳೆದುಕೊಳ್ಳುವಷ್ಟು ಕಸುವು. ವಯಸ್ಸಾದ ಮೈ ಹಾಸಿಗೆಯಲ್ಲಿ ಉಪವಾಸ ಬಿದ್ದರೆ ತೋಳು ತೊಡೆ ಮಾತ್ರವಲ್ಲ, ಉಸಿರೆಳೆಯುವ ಸ್ನಾಯುವೂ ಕರಗುತ್ತದೆ. ಆಗ ಯಂತ್ರ ಬಿಡಿಸುವುದು ಬಲು ಕಷ್ಟ.

ಹೀಗಿರುವಾಗ ಈ ಅಜ್ಜಿ ಮೂರು ದಿನದಿಂದ ನಳಿಗೆ ಕಿತ್ತು ಒಗೆಯುತ್ತಿದ್ದರು! ನಳಿಗೆ ಕೀಳದಿರಲೆಂದು ಕೈಗೆ ಕಟ್ಟಿದ ಬಟ್ಟೆಯನ್ನು ಬೆಳಗ್ಗೆ ಮೈ ಒರೆಸಲು ನರ್ಸುಗಳು ಬಿಚ್ಚುತ್ತಾರೆ. ಆರಕ್ಕೆ ನರ್ಸ್ ಶೀತಲ ಮೊದಲ ಆಹಾರದ ಸಿರಿಂಜು ಎತ್ತಿದ್ದೇ ತಡ, ಸರಕ್ಕನೆ ಎಳೆಯುವುದು. ಮತ್ತೆ ಹೊಸ ನಳಿಗೆ, ಅದು ಸರಿಯಾಗಿ ಇಳಿದಿದೆಯೇ ಎಂದು ಎಕ್ಸ್‌ರೇ, ಒದ್ದಾಡದಿರಲಿ ಎಂದು ಮಂಪರಿನ ಔಷಧಿ. ಅರ್ಧ ದಿನದ ಆಹಾರ ಅಲ್ಲಿಗೆ ಹೋಯಿತು. ಮಂಪರಿನಲ್ಲಿದ್ದವರನ್ನು ಯಂತ್ರದಿಂದ ಬಿಡಿಸುವಂತೆಯೂ ಇಲ್ಲ. ಸೋಮವಾರದವರೆಗೆ ನೋಡುತ್ತೇನೆ, ಆಮೇಲೆ ಕುತ್ತಿಗೆಗೆ ತೂತು ಮಾಡಿ ಕೊಳವೆ ಹಾಕುವುದೇ ಸೈ ಎಂದರು ಡಾಕ್ಟರ್ ಗೋಪಿನಾಥ. ಅವತ್ತು ಗುರುವಾರ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದರೆ ಅದೇ ಪ್ರಶ್ನೆ, "ಎಷ್ಟು ಉಂಡಳ್ರಿ?" ತಲೆ ಕೆಟ್ಟುಹೋಯಿತು.

"ಎಲ್ಲಿ ಉಣ್ತಾರ್ರೀ! ಮೈ ಒರಿಸಿ ಊಟ ಹಿಡದ್ರ ದಿನಾ ಕಿತ್ತು ಒಗ್ಯಾಕತ್ತಾರ. ಬದುಕೋ ಮನಸ್ಸಽ ಇಲ್ಲೇನು ನಿಮ್ಮ ಮನಿಯಾಕಿಗೆ?"

ಹೀಗೆ ಒದರಬಾರದಿತ್ತು. ಅಮರೇಶಪ್ಪನವರು ಗಕ್ಕನೆ ನಿಂತರು. ಆಮೇಲೆ ಒಂದು ಕುರ್ಚಿಯಲ್ಲಿ ಕುಸಿದು ಕೂತರು.

"ಮೈ ಒರಿಸಿದ ಮ್ಯಾಲೇನ್ರಿ?"

"ಹೂಂ."

"ಜಳಕ ಆತು ಅಂತ ತಿಳಕೊಂಡಾಳ ಆಕಿ. ಲಿಂಗಪೂಜಿ ಆಗಲಾರದ ಬಾಯಾಗ ಹನಿ ನೀರೂ ಹಾಕ್ಕೊಳ್ಳಾಂಗಿಲ್ಲ. ಹುಟ್ಟಿದಾಗಿಂದ ಹಂಗಽ." ಅಂಗಿಯ ಕಿಸೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಬಳೆ, ಕಾಲುಂಗುರ, ಕೊರಳಿಗೆ ಹಾಕುವ ಶಿವದಾರ ಸಮೇತ ಲಿಂಗವಿಡುವ ಬೆಳ್ಳಿಯ ಕರಡಿಗೆ. "ಸ್ಕ್ಯಾನಿಗೆ ತೆಗೀರಿ ಅಂದ್ರು. ಕೊರಳಾಗಿನ ಲಿಂಗ ನಾನಽ ಬಿಚ್ಚಿದೆ. ತಿರುಗಿ ಹಾಕಬೇಕು ಅನ್ನೋದು ಖಬರಽ ಇಲ್ಲ ನನಗ."

ನಾಚಿಕೆಯಾಯಿತು. ನನ್ನ ಅಜ್ಜಿಯೂ ಪೂಜೆಯಾಗದೆ ಚಹಾ ಮುಟ್ಟಿದವಳಲ್ಲ. ಆರು ಗಂಟೆ ಎಂದು ಬರೆದವಳು ನಾನೇ. ಆ ಆರು ಗಂಟೆಗೆ ಈ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿರಲಿಲ್ಲ.

ಡಾಕ್ಟರ್ ಗೋಪಿನಾಥ ನಂಬಲಿಲ್ಲ. ಐಸಿಯು ಸೇರಿದ ಮುದುಕರಿಗೆ ಭ್ರಮೆ ಸಾಮಾನ್ಯ ಎಂದರು. ಆದರೂ ಐದು ನಿಮಿಷ ಕೊಟ್ಟರು, ವಿಭೂತಿಯ ಪುಡಿ ಮಾತ್ರ ಒಳಗೆ ಬೇಡ ಎಂದು.

ಮರುದಿನ ಮೈ ಒರೆಸಿದ ಮೇಲೆ ಅಮರೇಶಪ್ಪನವರು ನೀಲಿ ಗೌನು ತೊಟ್ಟು ಒಳಗೆ ಬಂದರು. ಹೆಂಡತಿಯ ಎಡಗೈ ಬಿಡಿಸಿ ಅಂಗೈಯಲ್ಲಿ ಲಿಂಗ ಇಟ್ಟು, ನನ್ನ ಕಡೆ ತಿರುಗಿ ಪಿಸುಗುಟ್ಟಿದರು, "ಮುಂದೇನ್ ಮಾಡಬೇಕವ್ವಾ?"

"ಅಯ್ಯ, ನನ್ನ ಕೇಳಿದ್ರ? ನೀವು ದಿನಾ ಮಾಡೂದಿಲ್ಲೇನು?"

ಗುರುಬಾಯಿ ಗಂಡನ ತಡವರಿಸುವ ಕೈಯನ್ನೇ ನೋಡಿದರು. ಆಮೇಲೆ ತಾವೇ ಕಣ್ಣು ಮುಚ್ಚಿದರು. ಹೆಬ್ಬೆರಳು ಲಿಂಗದ ಮೇಲೆ ಮೆಲ್ಲಗೆ ಆಡಿತು. ಐದು ನಿಮಿಷ ಹತ್ತಾಯಿತು. ಶೀತಲ "ತೀಯೊದ್ದಮ್ಮಾ, ತೀಯೊದ್ದು" ಎಂದು, ಕೀಳಬೇಡ ಅಂತ ತೆಲುಗಿನಲ್ಲಿ ಬೇಡಿಕೊಳ್ಳುತ್ತ ಸಿರಿಂಜು ಎತ್ತಿದಳು. ಗುರುಬಾಯಿಯ ಬಲಗೈ ಎದ್ದಿತು, ಮೂಗಿನವರೆಗೆ ಹೋಯಿತು, ಪಕ್ಕದಲ್ಲಿ ತುರಿಸಿಕೊಂಡು ಕೆಳಗಿಳಿಯಿತು. ಇನ್ನೂರು ಎಂಎಲ್ ಪೂರ್ತಿ ಹೊಟ್ಟೆ ಸೇರಿತು.

ಹೊರಗೆ ಬಂದ ಅಮರೇಶಪ್ಪನವರು ಮತ್ತೆ ಬಾಗಿಲು-ಲಿಫ್ಟು ಶುರು ಮಾಡಿದರು. "ಈಗೇನ್ರಿ ಚಡಪಡಿಕಿ? ಉಂಡಾರಲ್ಲ!" ಎಂದೆ.

ಗೌನಿನ ಕೆಳಗೆ ಕೈ ಹಾಕಿ ತಮ್ಮ ಕೊರಳಿನ ಕರಡಿಗೆಯನ್ನು ತೆರೆದು ತೋರಿಸಿದರು. ಒಳಗೆ ಏನೂ ಇರಲಿಲ್ಲ. ನಾಚಾರಂನ ಕಾರ್ಖಾನೆಯಲ್ಲಿ ಲೇಥ್ ಮಷಿನ್ ಮೇಲೆ ಮೂವತ್ನಾಲ್ಕು ವರ್ಷ ದುಡಿದವರು. ಒಂದು ದಿನ ತಿರುಗುವ ಮಷಿನ್ನಿಗೆ ಶಿವದಾರ ಸಿಕ್ಕು ಹರಿಯಿತು. ಪುಣ್ಯಕ್ಕೆ ಕುತ್ತಿಗೆ ಉಳಿಯಿತು, ಕರಡಿಗೆ ಸಿಕ್ಕಿತು. ಲಿಂಗ ಕಬ್ಬಿಣದ ಚೂರಿನ ರಾಶಿಯಲ್ಲಿ ಎಲ್ಲೋ ಹೋಯಿತು.

"ಇಪ್ಪತ್ತೆಂಟು ವರ್ಷಾತು. ಲಿಂಗ ಕಳಕೊಂಡಾಂವ ಬದುಕಬಾರದು ಅಂತಾರ ನಮ್ಮಾಗ. ಹೆಂಗ ಹೇಳ್ಲಿ ಆಕಿಗೆ? ಕಾರ್ಖಾನ್ಯಾಗಽ ಪೂಜಿ ಮಾಡ್ಕೋತೀನಿ ಅಂತ ಸುಳ್ಳು ಹೇಳಿ ಹೊರಗ ಇಡ್ಲಿ ತಿಂದೆ. ಇವತ್ತು ಆಕಿ ನನ್ನ ಕೈ ನೋಡಿದ್ಲು ನೋಡವ್ವಾ, ಸಿಕ್ಕಿಬಿದ್ದೆ." ಕಣ್ಣು ಒರೆಸಿಕೊಂಡರು.

ಆಮೇಲೆ ಯಾವ ಬೆಳಗ್ಗೆಯೂ ಗುರುಬಾಯಿ ನಳಿಗೆ ಕೀಳಲಿಲ್ಲ. ಪೂಜೆಯಿಂದಲೋ, ಭ್ರಮೆ ಇಳಿದದ್ದರಿಂದಲೋ, ಡಾಕ್ಟರೊಂದಿಗೆ ನನ್ನ ವಾದ ಇನ್ನೂ ಮುಗಿದಿಲ್ಲ. ಮಂಪರಿನ ಔಷಧಿ ನಿಂತಿತು. ಸೋಮವಾರ ಬಂತು, ಕುತ್ತಿಗೆಗೆ ತೂತು ಬೇಡವಾಯಿತು. ಬುಧವಾರ ಗಂಟಲಿನ ಕೊಳವೆ ತೆಗೆದರು. ಶುಕ್ರವಾರ, ನುಂಗಲು ಬರುತ್ತದೆ ಎಂದು ಪರೀಕ್ಷೆಯಾದ ಮೇಲೆ, ಬಾಯಿಗೆ ಮೊದಲ ಚಮಚ ಗಟ್ಟಿ ಗಂಜಿ ಹಿಡಿದವಳು ನಾನು.

ಅವತ್ತಿನ ಪೂಜೆ ಆಗಿತ್ತು, ಆದರೂ ಗುರುಬಾಯಿ ಬಾಯಿ ತೆರೆಯಲಿಲ್ಲ. ಗಂಡನನ್ನೇ ನೋಡುತ್ತಿದ್ದರು. ಅಮರೇಶಪ್ಪನವರ ಮುಖ ಸುಟ್ಟ ಬದನೆಕಾಯಿ ಹಾಗಾಗಿತ್ತು. ಕೊನೆಗೆ ಅಂಗಿಯ ಗುಂಡಿ ಬಿಚ್ಚಿ ಕರಡಿಗೆ ತೆರೆದು ಹಿಡಿದರು.

"ಖಾಲಿ ಐತಿ, ಗುರುಬಾಯಿ. ಭಾಳ ವರ್ಷಾತು."

ಅಜ್ಜಿಯ ದನಿ ಕರ್ರೆಂದು ಹೊರಟಿತು. "ಗೊತ್ತೈತ್ರಿ. ಹಿಂದ ನೀವು ಜ್ವರ ಬಂದು ಮಲಗಿದಾಗ ನಿಮ್ಮ ದಾರ ತೊಳದಾಕಿ ನಾನಽ ಅಲ್ಲೇನು? ಕರಡಿಗಿ ಹಗುರ ಇತ್ತು."

"ಮತ್ತ ಒಂದ್ ಮಾತೂ ಕೇಳಲಿಲ್ಲಲ್ಲ ನೀ?"

"ನೀವಽ ಹೇಳ್ತೀರಿ ಅಂತ ಕುಂತಿದ್ದೆ." ಉಸಿರು ಸುಧಾರಿಸಿಕೊಂಡು ನನ್ನ ಕಡೆ ತಿರುಗಿದರು. "ತಾರವ್ವಾ. ಹಸಿವಾಗೇತಿ."

ನಾನು ಚಮಚ ಮುಂದೆ ಹಿಡಿದೆ, ಈ ಸಲ ಗುರುಬಾಯಿ ಬಾಯಿ ತೆರೆದರು.