ತಾಟಿನ ನೀರಿನಲ್ಲಿ ಬೆಳಕು ಹುಡುಕಿದ ಗೌಂಡಿ

ರುದ್ರಪ್ಪ ಗೌಂಡಿ ಯಾವ ಮನೆಯ ಕೆಲಸಕ್ಕೆ ಬಂದರೂ ಮೊದಲು ಟೇಪು ತೆಗೆಯುತ್ತಿರಲಿಲ್ಲ. ಒಂದು ಸ್ಟೀಲಿನ ತಾಟಿನ ತುಂಬ ನೀರು ಕೇಳುತ್ತಿದ್ದರು. ಅದನ್ನು ಬಿಸಿಲಿನಲ್ಲಿಟ್ಟು, ನೀರಿನಿಂದ ಪುಟಿದ ಬೆಳಕು ಮನೆಯೊಳಗೆ ಎಲ್ಲೆಲ್ಲಿ ಬೀಳುತ್ತದೆಂದು ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದರು. ಬೈಲಹೊಂಗಲದ ನಮ್ಮ ಮನೆಯ ಹಿತ್ತಲಲ್ಲೂ ಹಾಗೇ ಕುಳಿತರು, ಬೆಳಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ.

"ಅಕ್ಕಾರ, ಬೆಳಕು ನಿಮ್ಮ ಹಿತ್ತಲದಾಗ ನಿಂತು ಬಾಗಲಾ ಬಡ್ಯಾಕತ್ತೈತ್ರಿ. ನೀವ ತಗದಿಲ್ಲ," ಎಂದರು. ಆ ಒಂದು ಮಾತಿಗೆ ನಾನು ಬಿದ್ದೆ.

ನಮ್ಮ ಮಾವನವರೂ ಅವರ ತಮ್ಮನೂ ಬೇರೆಯಾದಾಗ ಮನೆಯ ನಡುವೆ ಗೋಡೆ ಎದ್ದಿತ್ತು. ಕಿಟಕಿಗಳೆಲ್ಲ ಆ ತಮ್ಮನ, ನಮ್ಮ ಕಾಕಾನ, ಪಾಲಿಗೆ ಹೋದವು. ನಮಗೆ ಉಳಿದದ್ದು ರೈಲುಡಬ್ಬಿಯಂತೆ ಒಂದರ ಹಿಂದೊಂದು ಮೂರು ಕತ್ತಲೆ ಕೋಣೆ, ಮೇಲೆ ಛಾವಣಿಯಲ್ಲೊಂದು ಬೆಳಕಿಂಡಿ. ಹಿತ್ತಲನ್ನು ಅಡ್ಡಡ್ಡ ಹಂಚಿದ್ದರು. ಮನೆಗೆ ಹತ್ತಿಕೊಂಡ ಭಾಗ ನಮ್ಮದು, ಆಚೆ ಓಣಿಯ ಕಡೆಯದು ಕಾಕಾನವರದು. ನನ್ನ ಅತ್ತೆ ಹಳೆಯ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುವವರು. ಕಣ್ಣು ಮಂಜಾದ ಮೇಲೆ ಬೆಳಕಿಂಡಿಯ ಕೆಳಗೆ ಕುಳಿತು, ಬಿಸಿಲು ಸರಿದಂತೆ ತಾವೂ ಸರಿಯುತ್ತ ಹೊಲಿಯುತ್ತಿದ್ದರು. "ಇದು ಕೆಂಪೋ ಹಸರೋ ನೋಡ ಬಾರವಾ," ಎಂದು ನನ್ನನ್ನು ಕೂಗುತ್ತಿದ್ದರು. ಅವರು ಸೂಜಿ ಕೆಳಗಿಡುವ ದಿನ ಬರಬಾರದೆಂದೇ ನಾನು ಮನೆ ಒಡೆಸಲು ಹೊರಟದ್ದು.

ರುದ್ರಪ್ಪ ಸಂಪಗಾಂವದಿಂದ ಹಳೆಯ ಬೈಕಿನ ಮೇಲೆ ಬರುತ್ತಿದ್ದರು, ಕಿವಿಯ ಮೇಲೆ ಪೆನ್ಸಿಲ್ಲು, ಬೆನ್ನ ಚೀಲದಲ್ಲಿ ಗಾರೆ ಹಚ್ಚುವ ಥಾಪಿ. ಗೋಡೆ ಕೆಡವುವ ಮೊದಲು ಅದನ್ನು ಅಂಗೈಯಿಂದ ತಟ್ಟಿ, "ನಿನ್ನ ಪಾಳಿ ಮುಗೀತಪಾ, ಸಿಟ್ಟಾಗಬ್ಯಾಡ," ಎನ್ನುತ್ತಿದ್ದರು. ಊಟದ ಬಿಡುವಿನಲ್ಲಿ ಅತ್ತೆಯ ಪಕ್ಕ ಕುಳಿತು, ಆ ಒರಟು ಬೆರಳುಗಳಲ್ಲಿ ಹತ್ತಾರು ಸೂಜಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಡುತ್ತಿದ್ದರು. ಅತ್ತೆ ಅವರನ್ನು "ರುದ್ರಾ" ಎಂದು ಏಕವಚನದಲ್ಲಿ ಕರೆಯತೊಡಗಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕೋಣೆಗಳ ನಡುವಿನ ಗೋಡೆಗಳು ಹೋದವು. ಬೀಮು ಬಂತು. ಅಡುಗೆ, ಊಟ, ಕೂಡುವುದು ಎಲ್ಲಕ್ಕೂ ಹಿತ್ತಲಿಗೆ ಚಾಚಿದ ಒಂದೇ ದೊಡ್ಡ ಹಾಲು, ಹಿಂದಿನ ಗೋಡೆಯ ತುಂಬ ಕಿಟಕಿ. ನಮ್ಮ ಹದ್ದಿನ ಗೆರೆಗಿಂತ ಮೂರು ಫೂಟು ಒಳಗೇ ನಿಲ್ಲೋಣ ಎಂದು ನಾನು ಹೇಳಿದೆ.

"ಯಾಕ ಜಾಗಾ ಹಾಳ ಮಾಡ್ತೀರಿ? ಆ ಕಡೆ ಬೇವಿನ ಗಿಡ ಐತಿ, ಎಲ್ಲಾ ಖುಲ್ಲಾ. ಅಲ್ಲಿ ಯಾರ ಕಟ್ತಾರ್ರಿ? ನಾ ಅದೇನಲ್ರಿ, ಕಾಳಜಿ ಬ್ಯಾಡ."

ನಾನು ಒಪ್ಪಿದೆ, ಗೋಡೆ ಹದ್ದಿಗೇ ಎದ್ದಿತು. ಸೋರುತ್ತಿದ್ದ ಬೆಳಕಿಂಡಿಯನ್ನೂ ಅವರೇ ಮುಚ್ಚಿದರು. ಹಿಂದಿನ ಕಿಟಕಿಯಿಂದ ಇಷ್ಟು ಬೆಳಕು ಬಂದ ಮೇಲೆ ಅದೇಕೆ ಎಂದು ನಾನೂ ತಲೆಯಾಡಿಸಿದೆ.

ಕೆಲಸ ಮುಗಿದ ದಿನ ಅವರು ಕಿಟಕಿಯ ಕಟ್ಟೆಯ ಮೇಲೆ ನೀರಿನ ತಾಟು ಇಟ್ಟರು. ಛಾವಣಿಯ ತುಂಬ ಬೆಳಕು ಕುಣಿಯಿತು. ಅತ್ತೆ ಬಾಯಿ ತೆರೆದು ನಕ್ಕರು. ಕೆಲವು ವಾರಗಳ ಮೇಲೆ ರುದ್ರಪ್ಪನವರನ್ನು ಕರೆಸಿ, ಆ ಬೆಳಕಿನಲ್ಲಿ ಬಣ್ಣ ತಾವೇ ಆರಿಸಿ ಹೊಲಿದ ಮೊದಲ ಕೌದಿಯನ್ನು ಅವರಿಗೇ ಹೊದಿಸಿದರು. "ನಮ್ಮವ್ವ ಸೈತ ನನಗ ಇಂಥಾದ್ದು ಹೊಲದಿದ್ದಿಲ್ಲಬೇ," ಎಂದು ರುದ್ರಪ್ಪ ಕಣ್ಣೊರೆಸಿಕೊಂಡರು.

ಮಳೆಗಾಲ ಮುಗಿಯಿತು. ಒಂದು ಬೆಳಗ್ಗೆ ಆಚೆಯ ಬೇವಿನ ಗಿಡ ಕೊಡಲಿಗೆ ಉರುಳಿತು. ಓಣಿಗೆ ಓಡಿದರೆ ಅಲ್ಲಿ ನಿಂತಿದ್ದದ್ದು ರುದ್ರಪ್ಪನವರ ಬೈಕು. ಕಾಕಾನ ಸೊಸೆ ನನ್ನನ್ನು ನೋಡಿ ಅಚ್ಚರಿಪಟ್ಟಳು. "ಎರಡು ಮಜಲಾ ಕಟ್ಟಸಾಕತ್ತೇವಿ. ನಿಮ್ಮ ಕೆಲಸಾ ಹಿಡ್ಯೂಕಿಂತ ಮೊದಲ ನಮಗ ಮಾತ ಕೊಟ್ಟಿದ್ರು. ನಿಮಗ ಹೇಳಿಲ್ಲೇನು?"

ನಾನು ಹೋಗಿ ಅವರ ಮುಂದೆ ನಿಂತೆ. ರುದ್ರಪ್ಪ ಗೋಡೆಯ ನೇರ ಅಳೆಯುವ ಓಳಂಬದ ದಾರ ನೋಡುತ್ತಲೇ ಮಾತಾಡಿದರು. "ಹೇಳಿದ್ರ ಎರಡೂ ಮನ್ಯಾವ್ರು ಜಗಳಾ ತಗೀತಿದ್ರಿ ಅಕ್ಕಾರ. ನನಗ ಎರಡೂ ಕೆಲಸಾ ತಪ್ಪತಿದ್ವು."

"ಆ ಮೂರು ಫೂಟರೆ ಬಿಡಸಬೇಕಿತ್ತಲ್ರಿ?"

"ಬಿಟ್ಟಿದ್ರ ಹಾಲು ಹಾಲಿನಂಗ ಕಾಣತಿದ್ದಿಲ್ರಿ."

ಸುಳ್ಳು ಹೇಳುವವರು ಲೋಕದಲ್ಲಿ ಬೇಕಾದಷ್ಟು ಜನ. ಆದರೆ ಈ ಮನುಷ್ಯ ನಮ್ಮ ಮನೆಯ ರೊಟ್ಟಿ ಉಂಡು, ಅತ್ತೆಯ ಸೂಜಿಗೆ ದಾರ ಪೋಣಿಸುತ್ತ, ಅದೇ ಹೊತ್ತಿನಲ್ಲಿ ಆಚೆಯ ಗೋಡೆಯನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದರಲ್ಲ! ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಗೋಡೆ ನಮ್ಮ ಕಿಟಕಿಯ ಎತ್ತರಕ್ಕೆ ಬಂದ ದಿನ ಅತ್ತೆ ಅಲ್ಲೇ ಕುಳಿತಿದ್ದರು. ತೊಡೆಯ ಮೇಲೆ ಅರ್ಧ ಕೌದಿ. ಆಚೆ ಹಲಗೆಯ ಮೇಲೆ ನಿಂತ ರುದ್ರಪ್ಪ ಎಂದಿನ ರೂಢಿಯಂತೆ ಕೂಗಿದರು. "ಯವ್ವಾ, ಒಂದು ತಂಬಿಗಿ ನೀರ ಕೊಡಬೇ."

ಕೊಡಬೇಡಿ ಎಂದೆ. ಅತ್ತೆ ಕೇಳಲಿಲ್ಲ. ತಡವರಿಸುತ್ತ ಒಳಗೆ ಹೋಗಿ, ತಾಟಿನ ತುಂಬ ನೀರು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ತಾಟಿನ್ಯಾಗ ಯಾಕಬೇ?"

"ಕುಡ್ಯಾಕಲ್ಲೋ ರುದ್ರಾ. ನನಗ ಕಾಣವಲ್ದು. ಬೆಳಕ ಎಲ್ಲಿ ಬೀಳಾಕತ್ತೈತಿ, ನೀನ ನೋಡಿ ಹೇಳಪಾ."

ರುದ್ರಪ್ಪ ಬಗ್ಗಿ ತಾಟು ನೋಡಿದರು. ಆಮೇಲೆ ನಮ್ಮ ಛಾವಣಿ ನೋಡಿದರು. ಕೈಯಲ್ಲಿದ್ದ ಇಟ್ಟಿಗೆಯನ್ನು ಗೋಡೆಯ ಮೇಲಿಟ್ಟು ಥಾಪಿಯಿಂದ ತಟ್ಟಿದರು. ಸಿಮೆಂಟಿನ ಒಂದು ತುಣುಕು ತಾಟಿನ ನೀರಿಗೆ ಬಿತ್ತು. ಅವರ ಮುಖವನ್ನು ನಾನು ನೋಡಿದ್ದು ಅದೇ ಕೊನೆ. ಮುಂದಿನ ಸಾಲಿನ ಇಟ್ಟಿಗೆ ಅದನ್ನೂ ಮುಚ್ಚಿತು.