ಕೆಳಗಿಳಿಯದ ಒಂಬತ್ತು ಗಂಟೆ

ಕಟ್ಟಡ ಏಳುತ್ತಿದ್ದ ಆ ಜಾಗದಲ್ಲಿ ಎಲ್ಲರೂ ಅವಳನ್ನು ಮೇಲಕ್ಕ ಎಂದೇ ಕರೆಯುತ್ತಿದ್ದರು. ಟವರ್ ಕ್ರೇನ್ ನಡೆಸುವವಳು ಮೇಲಲ್ಲದೆ ಇನ್ನೆಲ್ಲಿರಬೇಕು? ಹದಿನಾರು ಮಹಡಿಯಷ್ಟು ಎತ್ತರದಲ್ಲಿ ಒಂದು ಪುಟ್ಟ ಕ್ಯಾಬಿನ್. ಸುತ್ತಲೂ ಗಾಜು, ಕಾಲ ಕೆಳಗೂ ಗಾಜು. ಒಂಬತ್ತು ವರ್ಷದಿಂದ ಅಲ್ಲಿ ಕೂತು, ಕೆಳಗಿನವರು ಕಟ್ಟಿಕೊಟ್ಟ ಭಾರವನ್ನೆಲ್ಲ ಎತ್ತಿ, ಹೇಳಿದ ಜಾಗದಲ್ಲಿ ಸದ್ದಾಗದ ಹಾಗೆ ಇಳಿಸುತ್ತಿದ್ದಳು. ಕೈ ಅಷ್ಟು ಹಗುರ. ಅವಳು ಇಟ್ಟ ಇಟ್ಟಿಗೆಯ ಕಟ್ಟಿನಲ್ಲಿ ಒಂದು ಇಟ್ಟಿಗೆಯ ಮೂಲೆಯೂ ಮುಕ್ಕಾಗುವುದಿಲ್ಲ ಎಂದು ಗಾರೆಯವರು ಹೇಳುತ್ತಿದ್ದರು, ಮತ್ತು ಗಾರೆಯವರು ಯಾರನ್ನೂ ಸುಮ್ಮನೆ ಹೊಗಳುವ ಪೈಕಿ ಅಲ್ಲ.

ಕೆಳಗೆ ಅವಳ ಕಣ್ಣಾಗಿದ್ದವನು ಸಿಗ್ನಲ್‌ನವನು. ಏನು ಕಟ್ಟಿದೆ, ಎಲ್ಲಿಗೆ ಹೋಗಬೇಕು, ಎಷ್ಟು ಇಳಿಸಬೇಕು ಎಂದು ವಾಕಿಟಾಕಿಯಲ್ಲಿ ಹೇಳುವುದು ಅವನ ಕೆಲಸ. ವಯಸ್ಸಿನಲ್ಲಿ ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದರೂ ಅವನೂ ಮೇಲಕ್ಕ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಅಕ್ಕ ಯಾರು, ಅಣ್ಣ ಯಾರು ಎಂದು ಇಬ್ಬರೂ ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಡಿಸುತ್ತಿದ್ದದ್ದು ಏಣಿ. ಇಳಿಯಲು ಕಾಲು ಗಂಟೆ, ಮತ್ತೆ ಹತ್ತಲು ಇಪ್ಪತ್ತು ನಿಮಿಷ. ಅವಳು ಇಳಿಯುವಾಗ ಕ್ರೇನ್ ನಿಲ್ಲುತ್ತದೆ, ಕ್ರೇನ್ ನಿಂತರೆ ಕೆಳಗೆ ನಲವತ್ತು ಜನ ಕೈಕಟ್ಟಿ ನಿಲ್ಲುತ್ತಾರೆ. ಸಾಲದ್ದಕ್ಕೆ, "ಕ್ರೇನ್ ನಿಲ್ತಾ ಇದೆ, ಮೇಲಕ್ಕ ಇಳಿತಾ ಇದಾರೆ" ಎಂದು ಸಿಗ್ನಲ್‌ನವನು ಎಲ್ಲರಿಗೂ ಕೇಳುವಂತೆ ಸಾರಲೇಬೇಕು. ಅದು ಕೆಲಸದ ನಿಯಮ. ಒಂದಕ್ಕೆ ಹೋಗಲು ಕ್ಯಾಬಿನ್ನಿನಲ್ಲೇ ಮುಚ್ಚಳದ ಡಬ್ಬಿಯೊಂದಿತ್ತು, ಸುತ್ತ ಎಳೆದುಕೊಳ್ಳಲು ದರ್ಜಿಯಾದ ಗಂಡ ಹೊಲಿದುಕೊಟ್ಟ ಪರದೆಯಿತ್ತು. ಆದರೆ ಮುಟ್ಟಿನ ದಿನಗಳ ಕತೆಯೇ ಬೇರೆ. ಅವಳಿಗೆ ಸ್ರಾವ ಜಾಸ್ತಿ. ಪ್ಯಾಡ್ ಮೂರು ಗಂಟೆಗೆ ಕೈಕೊಡುತ್ತಿತ್ತು. ಒಮ್ಮೆ ಕ್ಯಾಬಿನ್ನಿನಲ್ಲೇ ಬದಲಿಸಲು ಹೋಗಿ, ಗಾಳಿಗೆ ತೂಗುವ ಆ ಗೂಡಿನಲ್ಲಿ ಕುಡಿಯುವ ನೀರಿನಿಂದ ಕೈ ತೊಳೆದು, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ಇಡೀ ದಿನ ಕಳೆದಿದ್ದಳು. ಆ ದಿನ ಊಟ ಸೇರಲಿಲ್ಲ. ಇನ್ನೊಂದು ಸಲ ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದಳು.

ಆದ್ದರಿಂದ ಆ ದಿನಗಳಲ್ಲಿ ಇಳಿಯುತ್ತಿದ್ದಳು. ದಿನಕ್ಕೆ ಎರಡು ಸಲ, ಕೆಲವೊಮ್ಮೆ ಮೂರು. ಮೂರನೇ ಸಲ ವಾಕಿಟಾಕಿಯಲ್ಲಿ ಯಾರೋ ಕಿಸಕ್ಕೆಂದ ಸದ್ದು ಕೇಳಿತ್ತು. ಯಾರೆಂದು ಗೊತ್ತಾಗಲಿಲ್ಲ, ಅದರಿಂದ ಎಲ್ಲರ ಮುಖವೂ ಅವನ ಮುಖದಂತೆ ಕಂಡಿತು.

ಅಲ್ಲಿನ ಎಂಜಿನಿಯರ್ ಒಳ್ಳೆಯ ಮನುಷ್ಯ. ತೊಂದರೆ ಶುರುವಾದದ್ದೇ ಅಲ್ಲಿಂದ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವನೋ ಬಾಗಿಲು ಮುಚ್ಚಿ, ಕುರ್ಚಿ ಹಾಕಿ, ನೆಲ ನೋಡುತ್ತಾ ಹೇಳಿದ:

"ಬೇಜಾರು ಮಾಡ್ಕೋಬೇಡಿ ಮೇಡಂ. ಆ ಎರಡು ದಿನ ಮನೇಲಿ ರೆಸ್ಟ್ ತಗೊಳ್ಳಿ. ನಾನು ಇನ್ನೊಬ್ಬ ಆಪರೇಟರ್‌ನ ಕರೆಸ್ತೀನಿ. ತಾರೀಕು ಮಾತ್ರ ಮೊದಲೇ ಹೇಳ್ಬಿಡಿ."

ರೆಸ್ಟ್ ಬೇಕೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಹೊಟ್ಟೆನೋವಿಗೆ ಮಾತ್ರೆ ನುಂಗುತ್ತಿದ್ದಳು, ಅದು ಕೇಳುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಮೂರು ಗಂಟೆಗೊಮ್ಮೆ ಒಂದು ಬಾಗಿಲು, ಒಂದು ನಲ್ಲಿ. ಅವೆರಡೂ ನೆಲದ ಮೇಲಿದ್ದವು. ಬೇರೆ ದಾರಿ ಕಾಣದೆ ತಾರೀಕು ಹೇಳಿದಳು. ಎಂಜಿನಿಯರ್ ತನ್ನ ಫೋನಿನಲ್ಲಿ ಬರೆದುಕೊಂಡ. ಗಂಡನಿಗೂ ನೆನಪಿರದ ತಾರೀಕು ಈಗ ಪರಗಂಡಸಿನ ಫೋನಿನಲ್ಲಿ ಸಿಮೆಂಟು ಬರುವ ದಿನದ ಪಕ್ಕ ಕೂತಿತು.

ಹಾಗೆ ಬಂದವನಿಗೆ ಜನ ಎರಡು ದಿನದವನು ಎಂದು ಹೆಸರಿಟ್ಟರು. ಮಾತು ನಯ, ಕೆಲಸ ಸುಮಾರು. ಆದರೆ ಎರಡು ದಿನ ಮೂರಾಯಿತು, ಮೂರು ನಾಲ್ಕಾಯಿತು. ಮುಂದಿನ ಕಟ್ಟಡಕ್ಕೆ ಇನ್ನೂ ದೊಡ್ಡ ಕ್ರೇನ್ ಬರಲಿದೆ, ಅದಕ್ಕೆ ತಿಂಗಳ ಎಲ್ಲ ದಿನವೂ ಸಿಗುವ ಆಪರೇಟರ್ ಬೇಕಂತೆ ಎಂಬ ಸುದ್ದಿ ಹಬ್ಬಿತು. ಮೇಲಕ್ಕನಿಗೆ ಬರುತ್ತಿದ್ದದ್ದು ಇದೊಂದೇ ಕೆಲಸ, ಮತ್ತು ಈ ಕೆಲಸವೆಂದರೆ ಅವಳಿಗೆ ಪ್ರಾಣ.

ಅವಳ ನಾದಿನಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಅವರ ಮನೆಯಲ್ಲೇ ಹಿಂದಿನ ಕೋಣೆಯಲ್ಲಿದ್ದಳು. ಅತ್ತಿಗೆಯ ಗಂಟುಮುಖ ಎರಡು ದಿನ ನೋಡಿದಳು, ಮೂರನೇ ದಿನ ಬಾಯಿ ಬಿಡಿಸಿದಳು. ಎಲ್ಲ ಕೇಳಿದ ಮೇಲೆ ಹಣೆ ಚಚ್ಚಿಕೊಂಡಳು.

"ಅಲ್ಲ ಅತ್ತಿಗೆ, ನಾನು ತಿಂಗಳಿಡೀ ನೀರಲ್ಲೇ ಇರ್ತೀನಲ್ಲ, ಅದು ಹೇಗೆ ಅಂತ ಒಂದಿನವೂ ಯೋಚನೆ ಬರಲಿಲ್ವಾ?"

"ಬಂತು. ಕೇಳೋದು ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ ಕಣೇ."

ಮರುದಿನ ನಾದಿನಿ, ಮುಟ್ಟಿನ ದಿನಗಳಲ್ಲಿ ತಾನು ಬಳಸುವಂಥದ್ದೇ ಹೊಸದೊಂದು ಕಪ್ ತಂದುಕೊಟ್ಟಳು. ಮೆತ್ತನೆಯ ಸಿಲಿಕೋನಿನ ಪುಟ್ಟ ಬಟ್ಟಲು, ಕೆಳಗೊಂದು ಗಿಡ್ಡ ಬಾಲ. ಮೇಲಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು.

"ಇದು ಒಳಗೆ ಹೋಗತ್ತಾ? ನಿನಗೇನು ಹುಚ್ಚಾ?"

"ಮಡಚಿ ಇಡ್ಬೇಕು. ಒಳಗೆ ಹೋಗಿ ತಾನೇ ಬಿಚ್ಕೊಳ್ಳತ್ತೆ. ಮೊದಲು ಕುದಿಯೋ ನೀರಲ್ಲಿ ಹಾಕಿ ತೆಗೀರಿ. ಅದಕ್ಕೆ ಬೇರೆ ಪಾತ್ರೆ ಇಟ್ಕೊಳ್ಳಿ, ಇಲ್ದಿದ್ರೆ ಅಣ್ಣ ಅದರಲ್ಲೇ ಹಾಲು ಕಾಯಿಸ್ತಾನೆ."

ಮೊದಲ ಪ್ರಯೋಗ ಮುಟ್ಟಿನ ರಜೆಯ ದಿನ ನಡೆಯಿತು. ಮೂರು ಸಲ ಬೆರಳಿನಿಂದ ಚಿಮ್ಮಿತು, ಒಂದು ಸಲವಂತೂ ಬಚ್ಚಲಿನ ಕನ್ನಡಿಗೆ ಹೋಗಿ ಬಡಿಯಿತು. ಪ್ರತಿ ಸಲವೂ ಅದನ್ನೂ ಕೈಯನ್ನೂ ತೊಳೆದು ಮತ್ತೆ ಮೊದಲಿನಿಂದ ಶುರು. ನಾಲ್ಕನೇ ಸಲ ಸರಿಯಾಗಿ ಕೂತಿತು. ಕೂತದ್ದೇ ಗೊತ್ತಾಗಲಿಲ್ಲ. ಮನೆ ಒರೆಸಿದಳು, ಬಟ್ಟೆ ಒಗೆದಳು, ಮಧ್ಯಾಹ್ನ ಒಂದು ನಿದ್ದೆ ತೆಗೆದಳು. ಸಂಜೆ ತೆಗೆಯಲು ಹೋದರೆ, ಅದು ಬರಲೊಲ್ಲದು.

ಬಾಲ ಹಿಡಿದು ಎಳೆದಳು. ಜಗ್ಗಿದಳು. ಎಳೆದಷ್ಟೂ ಅದು ಬಿಗಿಯಾಗಿ ಕಚ್ಚಿಕೊಂಡಿತು. ಬೆವರು ಕಿತ್ತುಕೊಂಡು ಬಂತು. ಆಸ್ಪತ್ರೆಯಲ್ಲಿ ಏನೆಂದು ಹೇಳುವುದು ಎಂದು ನೆನೆಸಿಕೊಂಡು ಇನ್ನಷ್ಟು ಜಗ್ಗಿದಳು. ಬಾಗಿಲ ಆಚೆ ನಾದಿನಿ ಕಾವಲು ನಿಂತಿದ್ದಳು. ಹೊಲಿಗೆ ಯಂತ್ರ ನಿಲ್ಲಿಸಿ ಗಂಡ ಕೂಗಿದ, "ಏನೇ ಅದು, ಅಷ್ಟೊತ್ತಿಂದ?"

"ಏನಿಲ್ಲ ಅಣ್ಣ, ಅತ್ತಿಗೆ ಲೋಡ್ ಇಳಿಸ್ತಾ ಇದಾರೆ!"

"ನಗಬೇಡ ಕಣೇ, ಸಿಕ್ಕಾಕ್ಕೊಂಡಿದೆ!" ಒಳಗಿನಿಂದ ಅಳು ಬೆರೆತ ದನಿ.

"ಅಯ್ಯೋ, ಎಳೀಬೇಡಿ! ಬುಡ ಹಿಸುಕಿ. ಗಾಳಿ ಒಳಗೆ ಹೋಗ್ಲಿ!"

ಮೇಲಕ್ಕನ ಕೈ ಗಕ್ಕನೆ ನಿಂತಿತು. ಕಟ್ಟಡಕ್ಕೆ ದೊಡ್ಡ ಗಾಜಿನ ಹಲಗೆಗಳನ್ನು ಎತ್ತುವುದು ಹೇಗೆ? ರಬ್ಬರಿನ ಬಟ್ಟಲುಗಳನ್ನು ಗಾಜಿಗೆ ಒತ್ತಿ, ಗಾಳಿ ಹೀರಿ. ಆಳುದ್ದದ ಗಾಜನ್ನು ಆ ಬಟ್ಟಲುಗಳೇ ಹಿಡಿದುಕೊಳ್ಳುತ್ತವೆ. ಬಿಡಿಸಲು ಯಾರೂ ಎಳೆಯುವುದಿಲ್ಲ, ಗಾಳಿ ಬಿಟ್ಟರೆ ತಾನಾಗಿ ಬಿಡುತ್ತದೆ. ಇದನ್ನು ತಿಳಿಯದೆ ಜಗ್ಗುವ ಹೊಸಬರಿಗೆ ಮೇಲಿನಿಂದ ಒಂಬತ್ತು ವರ್ಷ ಬೈದವಳು ಅವಳೇ. ಈಗ ನೋಡಿದರೆ ಅರ್ಧ ಗಂಟೆಯಿಂದ ತಾನೇ ಜಗ್ಗುತ್ತಾ ಕೂತಿದ್ದಾಳೆ. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಮೈ ಸಡಿಲವಾಯಿತು, ಬುಡ ಹಿಸುಕಿದಳು, ಸಲೀಸಾಗಿ ಬಂತು.

ಬಟ್ಟಲಿನೊಳಗೆ ಅಳತೆಯ ಗೆರೆಗಳಿದ್ದವು. ಭಾರ ಎಷ್ಟು, ತಡೆಯುವುದು ಎಷ್ಟು ಎಂದು ನೋಡುವುದೇ ಅವಳ ಕಸುಬು, ಆದ್ದರಿಂದ ಮೊದಲು ಕಣ್ಣು ಹೋದದ್ದೇ ಗೆರೆಗೆ. ಕೊಡಗಟ್ಟಲೆ ಹೋಗುತ್ತದೆ ಎಂದು ಇಪ್ಪತ್ತು ವರ್ಷ ಹೆದರಿದ್ದ ರಕ್ತ ಎಂಟು ಗಂಟೆಯಾದರೂ ಮೇಲಿನ ಗೆರೆ ಮುಟ್ಟಿರಲಿಲ್ಲ.

"ಇಷ್ಟೇನಾ?" ಎಂದಳು, ಕೊಂಚ ಅವಮಾನವಾದವಳಂತೆ.

ಮುಂದಿನ ತಿಂಗಳು ಮೊದಲ ದಿನ ಸೋರಿತು. ಕಪ್ ಒಳಗೆ ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ಸುತ್ತ ಬೆರಳಾಡಿಸಿ ನೋಡುವುದನ್ನು ನಾದಿನಿ ಹೇಳಿಕೊಟ್ಟಳು. ಎರಡನೇ ದಿನ ಮನೆಯ ಮೆಟ್ಟಿಲನ್ನು ಮೂವತ್ತು ಸಲ ಹತ್ತಿ ಇಳಿದಳು. ಮೇಲಿನ ಮನೆಯವರು ತಲೆ ಹೊರಗೆ ಹಾಕಿ, "ಏನಾದ್ರೂ ಕಳೀತಾ?" ಎಂದು ಕೇಳಿದರು. ಒಂಬತ್ತು ಗಂಟೆ ಕಳೆಯಿತು, ಒಂದು ಹನಿಯೂ ಆಚೆ ಬರಲಿಲ್ಲ. ಆ ಸಂಜೆಯೇ ಎಂಜಿನಿಯರ್ ಮುಂದೆ ಹೋಗಿ ನಿಂತಳು.

ಚಾವಣಿಯ ಒಂಬತ್ತು ಉಕ್ಕಿನ ತೊಲೆಗಳನ್ನು ಏರಿಸಲು ಮುಂದಿನ ತಿಂಗಳ ಒಂದು ದಿನ ಗೊತ್ತಾಗಿತ್ತು. ಕಟ್ಟಡದ ಕೆಲಸದಲ್ಲೆಲ್ಲ ಕಷ್ಟದ್ದು ಅದೇ. ಪ್ರತಿ ತೊಲೆಯನ್ನೂ ಮೇಲೆ ಹಿಡಿದು ನಿಲ್ಲಿಸಿಕೊಂಡಿರಬೇಕು, ಎರಡೂ ತುದಿಗೆ ಬೋಲ್ಟ್ ಬಿಗಿಯುವವರೆಗೆ. ಭಾರ ತೂಗುತ್ತಿರುವಾಗ ಆಪರೇಟರ್ ಕ್ಯಾಬಿನ್ ಬಿಟ್ಟು ಅಲುಗಾಡುವಂತಿಲ್ಲ. ಸಂಜೆಯಾದರೆ ಗಾಳಿ ಏಳುತ್ತದೆ, ಅಷ್ಟರೊಳಗೆ ಎಲ್ಲ ಮುಗಿಯಬೇಕು.

"ಅವತ್ತು ನಾನೇ ಹತ್ತೀನಿ," ಎಂದಳು.

ಎಂಜಿನಿಯರ್ ಫೋನ್ ನೋಡಿ ಕೆಮ್ಮಿದ. "ಅವತ್ತು ನಿಮ್ಮ... ಎರಡನೇ ದಿನ ಅಲ್ವಾ?"

"ಹೌದು. ನನಗೂ ಗೊತ್ತು. ನಾನೇ ಹತ್ತೀನಿ."

ಕೊನೆಗೆ ಅವನು ಒಪ್ಪಿದ. ಆದರೆ ಎರಡು ದಿನದವನು ಕೆಳಗೆ ಕಾದಿರುತ್ತಾನೆ. ಮೇಲಕ್ಕ ಒಂದು ಸಲ ಇಳಿದರೂ ಅವನು ಹತ್ತುತ್ತಾನೆ, ಹತ್ತಿದ ಮೇಲೆ ಈ ಕ್ರೇನೂ ಅವನದೇ, ಬರುವ ಕ್ರೇನೂ ಅವನದೇ. ಒಳ್ಳೆಯ ಮನುಷ್ಯ ಇದನ್ನೂ ಒಳ್ಳೆಯ ಮಾತಿನಲ್ಲೇ ಹೇಳಿದ.

ಆ ದಿನ ಬೆಳಗ್ಗೆ ಆರಕ್ಕೆ ಕೆಳಗಿನ ಬಚ್ಚಲಲ್ಲಿ ಸೋಪು ಹಾಕಿ ಕೈ ತೊಳೆದು, ಕಪ್ ಇಟ್ಟು, ಬೆರಳಾಡಿಸಿ ನೋಡಿ ಏಣಿ ಹತ್ತಿದಳು. ಆರೂವರೆಗೆ ಮೊದಲ ತೊಲೆ ನೆಲ ಬಿಟ್ಟಿತು. ಎರಡನೆಯದೂ ಸರಾಗವಾಗಿ ಹೋಯಿತು. ಮೂರನೆಯದು ಮುಗಿಯುವ ಹೊತ್ತಿಗೆ ಮೂರು ಗಂಟೆ ದಾಟಿತ್ತು, ಆಗ ಹೆದರಿಕೆ ಶುರುವಾಯಿತು. ಒದ್ದೆಯಾದಂತೆ ಅನಿಸಿತು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು. ಕಾಲ ಕೆಳಗಿನ ಗಾಜಿನಲ್ಲಿ ಎರಡು ದಿನದವನು ಇರುವೆಯಷ್ಟಾಗಿ ಕಾಣುತ್ತಿದ್ದ, ಟೀ ಹೀರುತ್ತಾ ಮೇಲೆ ನೋಡುತ್ತಿದ್ದ. ಪರದೆ ಎಳೆದು ನೋಡಿಕೊಂಡಳು. ಬರೀ ಬೆವರು.

"ಮೇಲಕ್ಕ," ಸಿಗ್ನಲ್‌ನವನ ದನಿ ಮೆಲ್ಲಗೆ ಬಂತು. ಅವನಿಗೂ ಆ ಮೂರು ಗಂಟೆಯ ಲೆಕ್ಕ ಅಭ್ಯಾಸವಾಗಿತ್ತು. "ಕ್ರೇನ್ ನಿಲ್ಸೋದಾ?"

"ಬೇಡ ಅಣ್ಣ. ನಾಲ್ಕನೇದು ಕಟ್ಸಿ."

ಆರನೇ ತೊಲೆ ಹಟ ಹಿಡಿಯಿತು. ಒಂದು ತುದಿಯ ತೂತು ಕೂಡಿದರೆ ಇನ್ನೊಂದು ತುದಿಯದು ಕೂಡದು. ಒಂದೂವರೆ ಗಂಟೆ ಅದು ಅವಳ ಕೊಕ್ಕೆಯಲ್ಲಿ ತೂಗಾಡಿತು. ಕೂದಲೆಳೆ ಎತ್ತು, ಕೂದಲೆಳೆ ಇಳಿಸು. ಬೋಲ್ಟ್ ಬಿಗಿಯುವವರು ಬೈದರು, ಸಿಗ್ನಲ್‌ನವನು ಅವರಿಗೆ ಬೈದ, ಮೇಲಕ್ಕ ಎಲ್ಲರಿಗೂ ಬೈದಳು. ಕೊನೆಗೆ ಕೂಡಿತು. ಊಟದ ಡಬ್ಬಿ ಬಿಚ್ಚಿ ಕೂತಲ್ಲೇ ತಿಂದಳು, ಬೆರಳು ಚೀಪುವಷ್ಟು ರುಚಿಯಾಗಿತ್ತು. ಏಳು, ಎಂಟು ಹೋದವು. ಮೂರೂವರೆಗೆ ಒಂಬತ್ತನೆಯದು ಕೂತಿತು.

"ಬೋಲ್ಟ್ ಬಿಗಿ ಆಯ್ತು," ಎಂದ ಸಿಗ್ನಲ್‌ನವನು. "ಕೊಕ್ಕೆ ಬಿಡಿ ಮೇಲಕ್ಕ. ಇನ್ನು ಏನೂ ಇಲ್ಲ."

ಕ್ರೇನಿನ ತೋಳನ್ನು ಗಾಳಿ ಬೀಸಿದತ್ತ ತಾನಾಗಿ ತಿರುಗುವಂತೆ ಬಿಟ್ಟು, ಬಾಗಿಲು ಮುಚ್ಚಿ, ಇಳಿಯತೊಡಗಿದಳು. ಅರ್ಧ ಏಣಿಗೆ ಬಂದಾಗ ಸೊಂಟದ ವಾಕಿಟಾಕಿಯಲ್ಲಿ, ಎಲ್ಲರಿಗೂ ಕೇಳುವಂತೆ, ಎರಡು ದಿನದವನು ಎಂಜಿನಿಯರನ್ನು ಕೇಳುತ್ತಿದ್ದ:

"ಸಾರ್, ನಾಳೆ ನಾನು ಎಷ್ಟೊತ್ತಿಗೆ ಬರ್ಲಿ?"

"ನಾಳೆ ಬೇಡಪ್ಪ," ಎಂದ ಎಂಜಿನಿಯರ್. "ಮುಂದಿನ ತಿಂಗಳೂ ಬೇಡ. ಆ ದೊಡ್ಡ ಕ್ರೇನಿಗೂ ಮೇಡಂ ಹೆಸರೇ ಬರೀತಾ ಇದೀನಿ. ಮತ್ತೆ ಮೇಡಂ, ಕೇಳಿಸ್ತಾ ಇದ್ರೆ... ಆ ತಾರೀಕೆಲ್ಲ ನಾನು ಅಳಿಸಿದೀನಿ."

ಮೇಲಕ್ಕ ಏಣಿಯ ನಡುವಿನ ಕಟ್ಟೆಯ ಮೇಲೆ ಕೂತಳು. ಆರನೇ ತೊಲೆಯಿಂದ ಈಚೆಗೆ ಇವತ್ತು ಎರಡನೇ ದಿನ ಎಂಬುದೇ ತನಗೆ ಮರೆತುಹೋಗಿತ್ತು ಎಂದು ಆಗ ಹೊಳೆಯಿತು. ಹದಿಮೂರನೇ ವಯಸ್ಸಿನಿಂದ ಒಂದೇ ಒಂದು ಸಲವೂ ಅದು ಮರೆತಿರಲಿಲ್ಲ. ಅಳು ಬಂತು, ತಡೆಯಲಿಲ್ಲ. ಸಂಕಟದ ಅಳುವಲ್ಲ, ತಲೆಯ ಮೇಲಿನ ಭಾರ ಇಳಿದ ಮೇಲೆ ಬರುವ ಅಳು.

"ಮೇಲಕ್ಕ, ಯಾಕೆ ನಿಂತ್ಬಿಟ್ರಿ? ಬೇಗ ಇಳೀಬೇಕಾ, ದಾರಿ ಬಿಡಿಸ್ಲಾ?" ಸಿಗ್ನಲ್‌ನವನಿಗೆ ಗಾಬರಿ.

ಅವಳು ಮೂಗೊರೆಸಿಕೊಂಡು ಗುಂಡಿ ಒತ್ತಿದಳು.

"ಬೇಡ ಅಣ್ಣ. ನಿಧಾನಕ್ಕೆ ಬರ್ತೀನಿ. ಅವಸರ ಏನೂ ಇಲ್ಲ."