ಸಾಯದವಳ ಎಡೆ

ನನ್ನ ತಿಥಿಯ ಊಟ ಬಹಳ ಚೆನ್ನಾಗಿತ್ತಂತೆ. ಉಂಡವರೇ ಹೇಳಿದ ಮಾತು. ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನ ಹೆಂಗಸೊಬ್ಬಳು ನನ್ನನ್ನು ಕಂಡು ಮೊದಲು ಬೆಚ್ಚಿದಳು. ಆಮೇಲೆ ಹತ್ತಿರ ಬಂದು, "ಪಾಯ್ಸಕ್ಕೆ ದ್ರಾಕ್ಷಿ ಗೋಡಂಬಿ ಎಲ್ಲಾ ಆಕ್ಸಿದ್ರು ಕಣವ್ವ. ನಿನ್ ದೊಡ್ಡಪ್ಪ ಯಾವುದ್ಕೂ ಕಮ್ಮಿ ಮಾಡ್ಲಿಲ್ಲ" ಎಂದು ಸಮಾಧಾನ ಹೇಳಿದಳು.

ನಾನು ಮಾಡಿದ್ದಿಷ್ಟೇ. ಹೊಳೆನರಸೀಪುರದ ಪಾತ್ರೆ ಅಂಗಡಿಯವರ ಮಗನನ್ನು ಮದುವೆಯಾದೆ. ಅವರು ಲಿಂಗ ಕಟ್ಟುವವರು, ನಾವು ಬಾಡು ತಿನ್ನುವವರು. ನಾವಿಬ್ಬರೂ ಹಾಸನದಲ್ಲಿ ಮನೆ ಮಾಡಿದ ವಾರದಲ್ಲೇ ದೊಡ್ಡಪ್ಪ ಊರಲ್ಲಿ ನನಗೆ ಎಳ್ಳುನೀರು ಬಿಟ್ಟು, ಚಪ್ಪರ ಹಾಕಿಸಿ, ತಿಥಿ ಮಾಡಿ ಮುಗಿಸಿದ. ಏಕವಚನದಲ್ಲೇ ಬರೆಯುತ್ತಿದ್ದೇನೆ, ಗೊತ್ತಿದ್ದೇ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ, ಮನೆಯ ಯಜಮಾನಿಕೆ ಅಪ್ಪನ ಅಣ್ಣನದಾಗಿತ್ತು. ಹಾದಿ ತಪ್ಪಿದ ಮಕ್ಕಳಿಗೆ ಹೀಗೆ ಬದುಕಿರುವಾಗಲೇ ತಿಥಿ ಮಾಡುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಅವನು ಅವ್ವನನ್ನು ಪಂಕ್ತಿಯಲ್ಲಿ ಕೂರಿಸಿ, ಎದುರಿಗೆ ನಿಂತು, ನನ್ನ ತಿಥಿಯ ಅನ್ನವನ್ನು ಅವಳಿಗೆ ಉಣ್ಣಿಸಿದ. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಅಲ್ಲಿಗೂ ಅವನು ಬಿಡಲಿಲ್ಲ. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಬಾಳೆ ಎಲೆಗಳನ್ನು ಸಾಲಾಗಿ ಹಾಕಿ, ಯಾರಿಗೆ ಯಾವುದು ಇಷ್ಟವೋ ಅದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂರುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಆಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುತ್ತಾರೆ. ಅಜ್ಜ, ಅಜ್ಜಿ, ಅಪ್ಪ. ಅವರ ಸಾಲಿನ ಕೊನೆಗೆ ಪ್ರತಿ ವರ್ಷ ದೊಡ್ಡಪ್ಪ ನನಗೂ ಒಂದು ಎಲೆ ಹಾಕಿಸುತ್ತಿದ್ದ. ನಾನು ಹಾಸನದಲ್ಲಿ ಗ್ಯಾಸ್ ಒಲೆಯ ಮುಂದೆ ನಿಂತು ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಅಲ್ಲಿ ನನ್ನ ಎಲೆಯ ಪಕ್ಕ ಬಳೆ, ರವಿಕೆ ಕಣ ಇಟ್ಟು ಕೈಮುಗಿಯುತ್ತಿದ್ದರು. ಅವ್ವ ನನ್ನ ಜೊತೆ ಮಾತಾಡಿದ್ದು ಗೊತ್ತಾದರೆ ಅವಳನ್ನೂ ಹೊಸಿಲು ದಾಟಿಸುತ್ತೇನೆ ಎಂದಿದ್ದ. ಅದಕ್ಕೇ ಅವಳು ಹಾಲು ಹಾಕಲು ಡೈರಿಗೆ ಬಂದಾಗ ಅಲ್ಲಿಯವರ ಫೋನಿನಿಂದ ಕದ್ದು ಮಾತಾಡುತ್ತಿದ್ದಳು. ನನಗೆ ಬೇಕಾಗಿದ್ದದ್ದು ಒಂದೇ. ಅವ್ವನ ಎದುರಿಗೆ, ಅವನದೇ ಬಾಯಿಂದ, ಇವಳು ಬದುಕಿದ್ದಾಳೆ ಎಂಬ ಮಾತು ಬರಬೇಕಿತ್ತು.

ಅದಕ್ಕೆ ದಾರಿ ಸಿಕ್ಕಿದ್ದು ಒಂದು ಟೀವಿ ಧಾರಾವಾಹಿಯಲ್ಲಿ. ರೇಡಿಯೊಗೆ ಅಷ್ಟಿಷ್ಟು ನಾಟಕ ಬರೆದಿದ್ದ ನನ್ನನ್ನು ಬೆಂಗಳೂರಿನವರು ಒಂದು ವಿಜ್ಞಾನದ ಕಥೆಗೆ ಸಂಭಾಷಣೆ ಬರೆಯಲು ಕರೆದರು. ಭೂಮಿ ಹಾಳಾಗಿ, ಜನವೆಲ್ಲ ಅಂತರಿಕ್ಷದ ಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುವ ಕಥೆ. ಮೊದಲ ವಾರಗಳಲ್ಲೇ ಹಡಗಿನ ನಿಯಮ ಮುರಿದ ಹುಡುಗಿಯೊಬ್ಬಳನ್ನು ಹೊರಗೆ ತಳ್ಳಿ ಸಾಯಿಸಬೇಕಿತ್ತು. ಒಂದೇ ಕಂತಿನ ಪಾತ್ರ. ಸಾಯಿಸಿದೆ. ಮುಂದಿನ ಕಂತಿನ ಕೊನೆಗೆ ಅವಳನ್ನು ಮತ್ತೆ ಹಡಗಿನ ಬಾಗಿಲಲ್ಲಿ ತಂದು ನಿಲ್ಲಿಸಿದೆ.

ನಿರ್ದೇಶಕರು ಫೋನ್ ಮಾಡಿದರು. "ಮೇಡಂ, ಈ ಹುಡುಗಿ ಸತ್ತಳಲ್ಲ?"

"ಸತ್ತಳು ಅಂತ ಹೇಳಿದವರು ಯಾರು ಸಾರ್? ಹಡಗಿನ ಯಜಮಾನ ತಾನೇ? ಅವನು ಹೇಳಿದ ಮಾತ್ರಕ್ಕೆ ಸಾಯಬೇಕಾ?"

ಅವರಿಗೆ ಅದು ಹಿಡಿಸಿತು. ನೋಡುವವರಿಗೂ ಹಿಡಿಸಿತು. ಹೀಗೆ ಅವಳು ಸಾಯದವಳಾದಳು. ಸುಟ್ಟರೂ ಬಂದಳು, ಹಿಮದಲ್ಲಿ ಹೂತರೂ ಬಂದಳು. ಎಲ್ಲರೂ ಮುದುಕರಾಗಿ, ಅವರ ಮೊಮ್ಮಕ್ಕಳು ಹಡಗು ನಡೆಸುವ ಕಾಲಕ್ಕೂ ಅದೇ ವಯಸ್ಸಿನಲ್ಲಿ ಬಂದು ಬಾಗಿಲು ತಟ್ಟಿದಳು. ಪ್ರತಿ ಸಲವೂ ಅವಳನ್ನು ಸತ್ತಳೆಂದು ಸಾರುವ ಯಜಮಾನನಿಗೆ ನಾನು ದೊಡ್ಡಪ್ಪನನ್ನು ಇಡಿಯಾಗಿ ಕೊಟ್ಟೆ. ತೀರ್ಪು ಹೇಳುವ ಮುಂಚೆ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಳ್ಳುವುದು, ಸುಳ್ಳು ಹೇಳುವಾಗ ಅದರ ತುದಿಯಿಂದ ಮೂಗು ಒರೆಸಿಕೊಳ್ಳುವುದು. ಬಟ್ಟೆಬರೆ ನೋಡಿಕೊಳ್ಳುವಾತ, "ಅಂತರಿಕ್ಷದಲ್ಲಿ ಟವೆಲ್ಲಾ ಮೇಡಂ?" ಎಂದು ಕೇಳಿದ. ಇರಲೇಬೇಕು ಎಂದೆ. ಬೆಳ್ಳಿ ಬಣ್ಣದ ಅಂಗಿ, ಅದರ ಮೇಲೆ ಚೌಕಳಿ ಟವೆಲ್. ನೋಡಿ ಎಷ್ಟು ನಕ್ಕೆನೋ.

ಆ ನಗು ಬಹಳ ದಿನ ಉಳಿಯಲಿಲ್ಲ. ಡೈರಿಯಿಂದ ಅವ್ವನ ಫೋನ್ ಬಂತು.

"ನಿನ್ ದೊಡ್ಡಪ್ಪ ಒಂದು ದಿನಾನೂ ತಪ್ಸಾಕಿಲ್ಲ ಕಣ ಮಗ. ಆ ಟವಲ್ ಯಜಮಾನ ಬಂದ್ರೆ ಸಾಕು, 'ಗಂಡ್ಸು ಅಂದ್ರೆ ಇವ್ನು, ಮನೆ ಅಂದ್ಮೇಲೆ ಇಂಗೇ ಇಡ್ಬೇಕು' ಅಂತ ತೊಡೆ ತಟ್ತನೆ."

"ಯಾರು ಬರೆದದ್ದು ಅಂತ ಗೊತ್ತಿಲ್ವಾ ಅವ್ವ?"

"ಅದ್ಯಾರು ನೋಡ್ತರೆ. ಎಸ್ರು ಬರೋ ವೊತ್ಗೆ ಎದ್ದು ಓಯ್ತನೆ."

ನಾನು ಚುಚ್ಚಲು ಮಾಡಿದ್ದನ್ನು ಅವನು ಹಾರ ಮಾಡಿ ಕೊರಳಿಗೆ ಹಾಕಿಕೊಂಡಿದ್ದ. ಆ ದಿನ ನಾನು ಮನೆಯವರ ಮೇಲೆಲ್ಲ ರೇಗಾಡಿದೆ. ಆಮೇಲೆ ಕೂತು, ಏನನ್ನೂ ಮುಚ್ಚದೆ ಬರೆದೆ. ಹಡಗಿನ ಯಜಮಾನ ಸತ್ತವರಿಗೆ ಎಡೆ ಇಡುತ್ತಾನೆ. ಸಾಲಿನ ಕೊನೆಯ ಎಲೆ ಸಾಯದವಳದು. ಪಕ್ಕದಲ್ಲಿ ಬಳೆ, ರವಿಕೆ ಕಣ. ಅವಳ ತಾಯಿಯನ್ನು ಕೂರಿಸಿ, ಎದುರಿಗೆ ನಿಂತು ಉಣ್ಣಿಸುತ್ತಾನೆ. ಕಬ್ಬಿಣದ ಬಾಗಿಲು ಮುಚ್ಚುತ್ತಾನೆ. ತೆಗೆದಾಗ ಅವಳು ಒಳಗೆ ಕೂತು ಉಣ್ಣುತ್ತಿರುತ್ತಾಳೆ.

ಅದು ಪ್ರಸಾರವಾದ ಮಾರನೆಯ ಸಂಜೆ ಅವ್ವ ಹೇಳಿದಳು. ದೊಡ್ಡಪ್ಪ ನಡುವೆಯೇ ಎದ್ದು ಟೀವಿ ಆರಿಸಿದನಂತೆ. ಹೆಗಲಿನ ಟವೆಲ್ ತೆಗೆದು ಗೂಟಕ್ಕೆ ಹಾಕಿದವನು ಮತ್ತೆ ಮುಟ್ಟಲಿಲ್ಲವಂತೆ. ಆದರೆ ಅವನ ಜಂಬ ಹೋಗಿರಲಿಲ್ಲ. "ಟೀವೀಲಿ ಕುಣುದ್ಬುಟ್ರೆ ಎದ್ದು ಬಂದ್ಬುಟ್ಲಾ? ಈ ವರ್ಸವೂ ಅವ್ಳಿಗೆ ಎಡೆ ಇಕ್ತೀನಿ. ಸತ್ತೋಳು ಸತ್ತೋಳೇ" ಎಂದನಂತೆ.

ಹಾಗಾದರೆ ಬಂದು ಉಣ್ಣಲೇಬೇಕು ಎಂದುಕೊಂಡೆ. ಅವ್ವನಿಗೂ ಹೇಳಲಿಲ್ಲ.

ಪಿತೃಪಕ್ಷದ ಆ ಸಂಜೆ ಹಾಸನದಿಂದ ಬಸ್ಸು ಹತ್ತಿದೆ. ಊರಿಗಿಂತ ಮೊದಲೇ ಇಳಿದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದಿನಿಂದ ನಡೆದೆ. ಗೂಡಿನ ಬಿಸಿಯೂ ಆ ಘಾಟೂ ಮೂಗಿಗೆ ಹೊಡೆಯಿತು. ಜಗಲಿಯಲ್ಲಿ ಮಾತು ಕೇಳಿಸುತ್ತಿತ್ತು, ಎಂದರೆ ಎಡೆ ಇಟ್ಟು ಎಲ್ಲರೂ ಹೊರಗೆ ಬಂದಾಗಿತ್ತು. ಹಿತ್ತಲ ಬಾಗಿಲು ಹಾಕಿದ್ದರೆ ಏನು ಮಾಡುವುದೆಂದು ನಾನು ಯೋಚಿಸಿರಲೇ ಇಲ್ಲ. ಕೈಯಿಟ್ಟೆ. ತೆರೆದುಕೊಂಡಿತು.

ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಅಪ್ಪನ ಎಲೆಯ ಪಕ್ಕ ನನ್ನದು. ಮುದ್ದೆ, ಕೊಚ್ಚಿದ ಬಾಡಿನ ಕೈಮದ ಉಂಡೆಯ ಸಾರು, ಒಂದು ಕಜ್ಜಾಯ. ಕೈಮದ ಉಂಡೆ ನನಗೆ ಪ್ರಾಣ. ಗಂಡನ ಮನೆಯಲ್ಲಿ ಅದರ ಹೆಸರೂ ಎತ್ತುವಂತಿಲ್ಲ. ದ್ವೇಷ ತೀರಿಸಿಕೊಳ್ಳಲು ಬಂದವಳು ಎಲೆಯ ಮುಂದೆ ಕೂತು ಅತ್ತೆ. ಅಳುತ್ತಲೇ ಮುದ್ದೆ ಮುರಿದೆ.

ಹೊರಗೆ ದೊಡ್ಡಪ್ಪ ಕೆಮ್ಮಿದ. ಬಾಗಿಲು ತೆರೆಯಿತು. ಕೈಯಲ್ಲಿ ಕರ್ಪೂರದ ತಟ್ಟೆ, ಹೆಗಲು ಬರಿದು. ನನ್ನನ್ನು ನೋಡಿ ಹೊಸಿಲಲ್ಲೇ ನಿಂತ. ಹಿಂದೆ ಅವ್ವ ನಿಂತಿದ್ದಳು. ನಾನು ಅವನನ್ನು ಮಾತಾಡಿಸದೆ ಅವಳನ್ನೇ ಮಾತಾಡಿಸಿದೆ.

"ಉಪ್ಪು ಕಮ್ಮಿ ಆಗೈತೆ ಕಣವ್ವ."

"ಎಡೆ ಅಡ್ಗೆ ಅಲ್ವಾ ಮಗ, ರುಚಿ ನೋಡಂಗಿಲ್ಲ" ಎಂದಳು ಅವ್ವ. ದೊಡ್ಡಪ್ಪನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಉಪ್ಪು ತುಂಬಿದ ಮರಿಗೆಯನ್ನೇ ತಂದಳು. ಎಲೆಯ ತುದಿಗೆ ಉಪ್ಪು ಹಾಕಿ, ನನ್ನ ಪಕ್ಕದಲ್ಲೇ ಕೂತಳು.

"ಇತ್ಲು ಬಾಗ್ಲು ಹಾಕಿರ್ಲಿಲ್ಲ" ಎಂದೆ.

"ನಾನ್ಯಾವ್ ವರ್ಸ ಹಾಕಿದ್ದೆ? ನೀನು ಬರ್ಲಿಲ್ಲ ಅಷ್ಟೆ."

ಇಷ್ಟು ವರ್ಷ ಆ ಎಲೆಯನ್ನು ದೊಡ್ಡಪ್ಪ ಹಾಕಿಸಿದ್ದು ನನ್ನನ್ನು ಸಾಯಿಸಲು, ಅವ್ವ ಬಡಿಸಿದ್ದು ನಾನು ಬಂದು ಉಣ್ಣಲಿ ಎಂದು.

ಕರ್ಪೂರ ಉರಿದು ತಟ್ಟೆ ಕಾವೇರಿರಬೇಕು, ದೊಡ್ಡಪ್ಪ ಅದನ್ನು ಕೆಳಗಿಟ್ಟ. ಮೂಗು ಒರೆಸಲು ಹೆಗಲಿಗೆ ಕೈ ಹೋಯಿತು, ಅಲ್ಲಿ ಏನೂ ಇರಲಿಲ್ಲ.

"ಬದ್ಕವ್ಳೆ ಬುಡವ್ವ" ಎಂದ ಅವ್ವನ ಕಡೆ ನೋಡುತ್ತಾ. ನನ್ನ ಕಡೆ ತಿರುಗಿ, "ಆಗಿದ್ದು ಆಗೋಯ್ತು. ಮುಂದ್ಲೊರ್ಸದಿಂದ ನಿಂಗೆ ಎಡೆ ಇಕ್ಕಾಕಿಲ್ಲ. ಗಂಡನ್ನೂ ಕರ್ಕೊಂಡು ಮುಂದ್ಲು ಬಾಗ್ಲಲ್ಲೇ ಬಾ" ಎಂದ.

ನಾನು ಕಾದಿದ್ದ ಮಾತು ಅದೇ. ಬಂದಾಗ ನೋಡಿದರೆ ಅದು ನನಗೆ ಸಾಲಲಿಲ್ಲ. ಅಷ್ಟು ಸುಲಭಕ್ಕೆ ಅವನನ್ನು ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ.

"ಇಕ್ಕು ದೊಡ್ಡಪ್ಪ" ಎಂದೆ. "ಪ್ರತಿ ವರ್ಸ ಇಕ್ಕು. ಊರೋರ್ನೆಲ್ಲಾ ಕರ್ದು, ನಿನ್ ಕೈಯಾರೆ ನನ್ನ ಎಲೆ ಹಾಕು. ಇತ್ಲು ಬಾಗ್ಲಿಂದ್ಲೇ ಬತ್ತೀನಿ, ಉಂಡೋಯ್ತೀನಿ."

ಅವ್ವ ನನ್ನ ಎಲೆಗೆ ಇನ್ನೊಂದು ಉಂಡೆ ಹಾಕಿದಳು.